ವಿಡಿಯೊ ಫೋನ್ ಹಾಕಿಸ್ತಿದ್ದೀರಾ? ಮೊದಲು ಆಫೀಸಿನ ನೆಟ್‌ವರ್ಕ್ ನೋಡಿ

ಟೇಬಲ್ ಮೇಲಿಡುವ ವಿಡಿಯೊ ಫೋನ್ ಕೊಳ್ಳುವಾಗ ನಾವೆಲ್ಲ ಮೊದಲು ನೋಡುವುದು ಸ್ಕ್ರೀನ್ ಎಷ್ಟು ದೊಡ್ಡದು, ಕ್ಯಾಮೆರಾ ಹೇಗಿದೆ ಅಂತ. ರಾಜಾಜಿನಗರದ ನಮ್ಮ ಪುಟ್ಟ ಆಫೀಸಿಗೆ ಎಂಟು ಫೋನ್ ತಂದಾಗ ನಾನೂ ಹಾಗೇ ಮಾಡಿದೆ. ಮೊದಲ ದಿನವೇ ಪೀಣ್ಯದಿಂದ ಗ್ರಾಹಕರೊಬ್ಬರು ಕರೆ ಮಾಡಿದರು. ನಮ್ಮ ಮುಖ ಅವರಿಗೆ ಕಾಣುತ್ತಿದೆ, ಮಾತೂ ಕೇಳುತ್ತಿದೆ. ನಮ್ಮ ಸ್ಕ್ರೀನ್ ಮಾತ್ರ ಕಪ್ಪಗೆ, ಸದ್ದೇ ಇಲ್ಲ. ಫೋನ್ ಕೆಟ್ಟಿರಲಿಲ್ಲ, ಎಡವಟ್ಟಾಗಿದ್ದು ರೂಟರ್‌ನಲ್ಲಿ. ಆ ಎರಡು ದಿನದ ಪರದಾಟದಿಂದ ಕಲಿತಿದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಕರೆಂಟಿನ ಲೆಕ್ಕ

ಈ ಫೋನುಗಳಿಗೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟ್ ಕೊಡಬಹುದು. ಇದಕ್ಕೆ ಪಿಒಇ (ಪವರ್ ಓವರ್ ಈಥರ್ನೆಟ್) ಅಂತಾರೆ. 2003ರ 802.3ಎಎಫ್ ಮಾನದಂಡದಲ್ಲಿ ಸ್ವಿಚ್ಚಿನ, ಅಂದರೆ ಆಫೀಸಿನ ನೆಟ್‌ವರ್ಕ್ ಕೇಬಲ್ಲುಗಳೆಲ್ಲ ಬಂದು ಸೇರುವ ಡಬ್ಬಿಯ, ಒಂದು ಪೋರ್ಟ್ (ಕೇಬಲ್ ಸಿಕ್ಕಿಸುವ ಜಾಗ) 15.4 ವ್ಯಾಟ್ ಕೊಡುತ್ತದೆ. ದೊಡ್ಡ ಸ್ಕ್ರೀನಿನ ಕೆಲವು ಫೋನುಗಳಿಗೆ ಇದು ಸಾಲುವುದಿಲ್ಲ. ಅವಕ್ಕೆ 30 ವ್ಯಾಟಿನ 802.3ಎಟಿ ಬೇಕು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಂತೆಯಾದ ಎಸ್‌ಪಿ ರೋಡಿನಲ್ಲಿ ಸ್ವಿಚ್ ಕೊಳ್ಳುವಾಗ ಪೋರ್ಟ್ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ, ಒಟ್ಟು ಎಷ್ಟು ವ್ಯಾಟ್ ಕೊಡುತ್ತದೆ ಅಂತಲೂ ಕೇಳಿ. ಎಂಟು ಪೋರ್ಟಿಗೆ 15.4ರಂತೆ 123 ವ್ಯಾಟ್ ಆಯಿತು. 60 ವ್ಯಾಟಿನ ಸ್ವಿಚ್ ತಂದರೆ ಕೊನೆಯ ಕೆಲವು ಫೋನ್ ಆನ್ ಆಗದೇ ಇರಬಹುದು. ಸ್ವಿಚ್ಚು, ರೂಟರ್ರು, ಫೈಬರ್ ಡಬ್ಬಿ ಮೂರನ್ನೂ ಯುಪಿಎಸ್‌ಗೆ ಸೇರಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಇದರ ಬೆಲೆ ಗೊತ್ತಾಗುತ್ತದೆ.

ಹಂತ 2: ಫೋನಿಗೆ ಬೇರೆ ಲೇನ್

ಫೋನಿನ ಹಿಂದೆ ಸಾಮಾನ್ಯವಾಗಿ ಎರಡು ಪೋರ್ಟ್ ಇರುತ್ತವೆ. ಒಂದು ಸ್ವಿಚ್ಚಿಗೆ, ಇನ್ನೊಂದು ಪಕ್ಕದ ಕಂಪ್ಯೂಟರಿಗೆ. ಹಾಗಾಗಿ ಟೇಬಲ್ಲಿಗೆ ಒಂದೇ ಕೇಬಲ್ ಎಳೆದರೆ ಸಾಕು. ಆದರೆ ಕಂಪ್ಯೂಟರಿನ ಫೈಲೂ ಫೋನಿನ ಮಾತೂ ಒಟ್ಟಿಗೆ ನುಗ್ಗಬಾರದು. 2019ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಅಂತ ಲೇನ್ ಮಾಡಿದ್ದರಲ್ವಾ, ಇದೂ ಹಾಗೇ. ಸ್ವಿಚ್ಚಿನಲ್ಲಿ ಫೋನುಗಳಿಗೆ ಬೇರೆ ವಿಎಲ್ಯಾನ್ ಮಾಡಿ, ಅಂದರೆ ಅದೇ ಕೇಬಲ್ಲಿನಲ್ಲಿ ಓಡುವ ಪ್ರತ್ಯೇಕ ನೆಟ್‌ವರ್ಕ್.

ಲೇನ್ ಒಂದೇ ಸಾಲದು, ಆದ್ಯತೆಯ ಗುರುತೂ ಬೇಕು. ಇದನ್ನು ಡಿಎಸ್‌ಸಿಪಿ ಅಂತಾರೆ. ಧ್ವನಿಗೆ 46, ವಿಡಿಯೊಗೆ 34 ಅಂತ ಫೋನಿನ ಸೆಟ್ಟಿಂಗ್ಸಿನಲ್ಲಿ ಹಾಕಿ. ಈ ಗುರುತನ್ನು ನಿಮ್ಮ ಆಫೀಸಿನೊಳಗೆ ಮಾತ್ರ ನಂಬಬಹುದು. ಹೊರಗಿನ ಇಂಟರ್ನೆಟ್ಟಿನಲ್ಲಿ ಯಾರೂ ಅದಕ್ಕೆ ಬೆಲೆ ಕೊಡುವುದಿಲ್ಲ. ಅದಕ್ಕೇ ರೂಟರ್‌ನಲ್ಲಿ ಅಪ್‌ಲೋಡ್ ಮಿತಿಯನ್ನು ನಿಮ್ಮ ಲೈನಿಗಿಂತ ಸ್ವಲ್ಪ ಕಡಿಮೆ ಇಡಿ. ಆಗ ಕ್ಯೂ ನಿಲ್ಲುವುದು ನಿಮ್ಮ ರೂಟರ್‌ನಲ್ಲೇ. ಯಾರನ್ನು ಮೊದಲು ಬಿಡಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇರುತ್ತದೆ.

ಎಷ್ಟು ಅಪ್‌ಲೋಡ್ ಬೇಕು? ಮಾತು, ಚಿತ್ರವನ್ನು ಡಿಜಿಟಲ್ ಮಾಡಿ ಕಳಿಸುವ ವಿಧಾನಕ್ಕೆ ಕೋಡೆಕ್ ಅಂತಾರೆ. ಜಿ.711 ಅನ್ನುವ ಕೋಡೆಕ್ಕಿನಲ್ಲಿ ಬರೀ ಮಾತಿಗೆ, ಅದರ ಜೊತೆ ಹೋಗುವ ವಿಳಾಸ ಇತ್ಯಾದಿ ಹೊದಿಕೆಯೆಲ್ಲ ಸೇರಿ, ಸೆಕೆಂಡಿಗೆ 87 ಕಿಲೋಬಿಟ್ ಆಗುತ್ತದೆ. 720ಪಿ ವಿಡಿಯೊ ಸೇರಿದರೆ ಒಂದೂವರೆ ಮೆಗಾಬಿಟ್ ಇಟ್ಟುಕೊಳ್ಳಿ. ಒಟ್ಟಿಗೆ ನಾಲ್ಕು ಕರೆ ಅಂದರೆ ಆರು ಮೆಗಾಬಿಟ್. ಡೌನ್‌ಲೋಡ್ ಜಾಸ್ತಿ ಇದೆ ಅಂತ ಸಮಾಧಾನ ಪಡಬೇಡಿ. ನಿಮ್ಮ ಮುಖ ಹೊರಗೆ ಹೋಗುವುದು ಅಪ್‌ಲೋಡಿನಲ್ಲಿ.

ಹಂತ 3: ವಿಳಾಸದ ಗೊಂದಲ

ನಮ್ಮ ಸ್ಕ್ರೀನ್ ಕಪ್ಪಗಾಗಿದ್ದು ಇಲ್ಲಿ. ಈ ಫೋನುಗಳು ಕರೆ ಹಚ್ಚಲು, ಕತ್ತರಿಸಲು ಎಸ್‌ಐಪಿ ಬಳಸುತ್ತವೆ. ಅದರ ಈಗಿನ ರೂಪ 2002ರದು, ಸಾಮಾನ್ಯವಾಗಿ 5060ನೇ ಪೋರ್ಟಿನಲ್ಲಿ ಓಡುತ್ತದೆ (ಈ ಪೋರ್ಟ್ ಕೇಬಲ್ ಸಿಕ್ಕಿಸುವ ಜಾಗವಲ್ಲ, ಸಾಫ್ಟ್‌ವೇರಿನ ಬಾಗಿಲ ಸಂಖ್ಯೆ). ಮಾತು ಮತ್ತು ಚಿತ್ರವನ್ನು ಹೊರುವುದು ಬೇರೆ, ಅದು ಆರ್‌ಟಿಪಿ. ಹೀಗೆ ಎರಡು ದಾರಿ ಇರುವುದರಿಂದಲೇ ರಿಂಗ್ ಆಗುತ್ತದೆ, ಆದರೆ ಮಾತು ಬರುವುದಿಲ್ಲ.

ಕರೆ ಬಂದಾಗ ಫೋನ್ ತನ್ನ ವಿಳಾಸವನ್ನು ಎಸ್‌ಐಪಿ ಸಂದೇಶದ ಒಳಗೆ ಬರೆದು ಕಳಿಸುತ್ತದೆ: ‘ನನಗೆ ಚಿತ್ರ, ಧ್ವನಿ ಇಲ್ಲಿಗೆ ಕಳಿಸಿ’ ಅಂತ. ಆಫೀಸಿನೊಳಗೆ ಆ ವಿಳಾಸ ಸಾಮಾನ್ಯವಾಗಿ 192.168ರಿಂದ ಶುರುವಾಗುತ್ತದೆ. ಬೆಂಗಳೂರಿನಲ್ಲಿ ಬಡಾವಣೆಯ ಹೆಸರು ಹೇಳದೆ ‘ಎರಡನೇ ಮೇನ್, ಐದನೇ ಕ್ರಾಸ್’ ಅಂತ ಬರೆದ ಹಾಗೆ ಇದು. ಅಂಥ ವಿಳಾಸ ಊರ ತುಂಬ ಇವೆ, ಪತ್ರ ತಲುಪುವುದೆಲ್ಲಿಗೆ? ನಾವು ಕಳಿಸಿದ್ದು ಅವರಿಗೆ ಹೋಯಿತು, ಅವರು ಕಳಿಸಿದ್ದು ದಾರಿ ತಪ್ಪಿತು.

ಮಾಡಬೇಕಾದ್ದು ಇಷ್ಟು. ರೂಟರ್‌ನಲ್ಲಿ ‘ಎಸ್‌ಐಪಿ ಎಎಲ್‌ಜಿ’ ಇದ್ದರೆ ಆಫ್ ಮಾಡಿ. ವಿಳಾಸ ತಿದ್ದಲು ಅಂತಲೇ ಇಟ್ಟ ಸೌಲಭ್ಯ ಅದು, ಆದರೆ ಎಷ್ಟೋ ರೂಟರ್‌ಗಳಲ್ಲಿ ಇನ್ನಷ್ಟು ಕೆಡಿಸುತ್ತದೆ. ನಮ್ಮಲ್ಲಿ ಆ ಒಂದು ಟಿಕ್ ತೆಗೆದ ಮೇಲೆ, ಫೋನಿನಲ್ಲಿ ಸ್ಟನ್ ಸರ್ವರ್ ಹಾಕಿದೆವು. ಆಗ ಫೋನ್ ‘ಹೊರಗಿನಿಂದ ನನ್ನ ವಿಳಾಸ ಏನು ಕಾಣುತ್ತಿದೆ?’ ಅಂತ ಆ ಸರ್ವರನ್ನು ಕೇಳಿ, ಸಿಕ್ಕಿದ ವಿಳಾಸವನ್ನೇ ಬರೆದು ಕಳಿಸುತ್ತದೆ. ಚಿತ್ರ ಬಂತು. ಸ್ವಲ್ಪ ಹೊತ್ತು ಸುಮ್ನಿದ್ದ ಮೇಲೆ ಹೊರಗಿನ ಕರೆ ಬರುವುದೇ ನಿಂತರೆ, ಕೀಪ್ ಅಲೈವ್ ಅನ್ನು, ಅಂದರೆ ‘ನಾನಿದ್ದೇನೆ’ ಅಂತ ಫೋನ್ ಆಗಾಗ ಕಳಿಸುವ ಪುಟ್ಟ ಸಂದೇಶವನ್ನು, 30 ಸೆಕೆಂಡಿಗೆ ಇಡಿ. ಇಲ್ಲದಿದ್ದರೆ ರೂಟರ್ ತೆರೆದಿಟ್ಟ ಬಾಗಿಲನ್ನು ಮುಚ್ಚಿಬಿಡುತ್ತದೆ.

ಹಂತ 4: ಕೋಡೆಕ್ಕು, ಬೀಗ

ಎರಡೂ ಕಡೆಯ ಫೋನಿಗೆ ಒಂದೇ ಕೋಡೆಕ್ ಗೊತ್ತಿರಬೇಕು. ವಿಡಿಯೊಗೆ ಎಚ್.264 ಇರಲಿ. ಧ್ವನಿಗೆ ಜಿ.722 ಇದ್ದರೆ ಮೊದಲು ಅದನ್ನಿಡಿ, ಮಾತು ಎದುರಿಗೆ ಕೂತು ಆಡಿದಷ್ಟು ತಿಳಿಯಾಗಿ ಬರುತ್ತದೆ. ಇನ್ನು ಬೀಗ, ಅಂದರೆ ನಡುವೆ ಯಾರೂ ಓದದಂತೆ ಗುಪ್ತಲಿಪಿ: ಕರೆಯ ಸಂದೇಶಗಳಿಗೆ ಟಿಎಲ್‌ಎಸ್, ಮಾತು ಮತ್ತು ಚಿತ್ರಕ್ಕೆ ಎಸ್‌ಆರ್‌ಟಿಪಿ ಆನ್ ಮಾಡಿ. 101ನೇ ಎಕ್ಸ್‌ಟೆನ್ಷನ್ನಿಗೆ (ಆಫೀಸಿನೊಳಗಿನ ಫೋನ್ ಸಂಖ್ಯೆಗೆ) 101 ಅಂತಲೇ ಪಾಸ್‌ವರ್ಡ್ ಇಡಬೇಡಿ ದಯವಿಟ್ಟು. ಅದನ್ನು ಊಹಿಸಿ, ರಾತ್ರೋರಾತ್ರಿ ನಿಮ್ಮ ಲೆಕ್ಕದಲ್ಲಿ ವಿದೇಶಕ್ಕೆ ಕರೆ ಮಾಡುವವರಿದ್ದಾರೆ.

ಹಂತ 5: ಪರೀಕ್ಷೆ

ಎಲ್ಲರೂ ಕೆಲಸದಲ್ಲಿರುವ ಬೆಳಗಿನ ಹನ್ನೊಂದು ಗಂಟೆ ಆರಿಸಿಕೊಳ್ಳಿ. ಒಬ್ಬರು ದೊಡ್ಡ ಫೈಲ್ ಅಪ್‌ಲೋಡ್ ಹಾಕಲಿ. ಅದೇ ಹೊತ್ತಿಗೆ ಹೊರಗಿನವರೊಬ್ಬರಿಗೆ ವಿಡಿಯೊ ಕರೆ ಮಾಡಿ, ಒಂದರಿಂದ ಇಪ್ಪತ್ತರವರೆಗೆ ಎಣಿಸಿ. ಅವರೂ ಎಣಿಸಲಿ. ಒಂದು ಕಡೆಯ ತಡ 150 ಮಿಲಿಸೆಕೆಂಡಿನ ಒಳಗಿದ್ದರೆ ಮಾತಿಗೆ ಮಾತು ಡಿಕ್ಕಿ ಹೊಡೆಯುವುದಿಲ್ಲ. ಎಣಿಕೆ ನಡುವೆ ಅಂಕಿ ನುಂಗಿಹೋದರೆ ಎರಡನೇ ಹಂತಕ್ಕೆ ಹೋಗಿ, ಅಪ್‌ಲೋಡ್ ಮಿತಿಯನ್ನು ಇನ್ನೊಂಚೂರು ಇಳಿಸಿ ಮತ್ತೆ ಎಣಿಸಿ.