ಸಹಿ ಹಾಕದವರು ಯಾರು? ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕೊಳ್ಳುವವರಿಗೆ, ಗೃಹಸಾಲ ಬದಲಿಸುವವರಿಗೆ

ಧಾರವಾಡದಲ್ಲಿ ವಕೀಲಿ ಮಾಡುತ್ತೇನೆ. ನನ್ನ ದಿನ ಹೆಚ್ಚಾಗಿ ಕಳೆಯುವುದು ಬ್ಯಾಂಕುಗಳಿಗೆ ಸರ್ಚ್ ರಿಪೋರ್ಟ್ ಬರೆಯುವುದರಲ್ಲಿ. ಸಾಲಕ್ಕೆ ಬಂದ ಮನೆಯ ಕಾಗದಗಳನ್ನು ಓದಿ, ಮಾರುವವರಿಗೆ ಮಾರುವ ಹಕ್ಕು ಇದೆಯೋ ಇಲ್ಲವೋ ಹೇಳುವ ಕೆಲಸ ಅದು. ಮನೆ ನೋಡಿ ಮೆಚ್ಚಿ ಬಂದವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಮೇಡಂ, ಖಾತೆ ಅವರ ಹೆಸರಿಗೇ ಇದೆ, ಕರ ತುಂಬಿದ ಪಾವತಿಯೂ ಇದೆ. ಇನ್ನೇನು ಬೇಕು?"

ಖಾತೆ ಎಂದರೆ ಯಾರಿಂದ ಕರ ವಸೂಲು ಮಾಡಬೇಕೆಂದು ಪಾಲಿಕೆ ಇಟ್ಟುಕೊಂಡ ದಾಖಲೆ. ಈಗ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ, ಆದ್ದರಿಂದ ಅದು ಬೇಕು. ಆದರೆ ಮಾಲಕಿ ಹಕ್ಕು ಬರುವುದು ನೋಂದಣಿಯಾದ ಖರೀದಿ ಪತ್ರ, ವಾಟ್ನಿ (ಆಸ್ತಿ ವಿಭಾಗ) ಪತ್ರ, ದಾನಪತ್ರದಿಂದ, ಅಥವಾ ವಾರಸಾ ಹಕ್ಕಿನಿಂದ. ವಟಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಬರೆದುಕೊಟ್ಟರೆ ಮಾರಿದಂತಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೂ ಅಂಥ ಪತ್ರವನ್ನೇ ಲ್ಯಾಮಿನೇಶನ್ ಮಾಡಿಸಿಕೊಂಡು ಬರುವವರು ಇಂದಿಗೂ ಇದ್ದಾರೆ.

ನಮ್ಮ ಕಡೆ ಇನ್ನೊಂದು ದಾಖಲೆ ಇದೆ, ಬೆಂಗಳೂರಿನ ಬಂಧುಗಳು ಹೇಳಿಕೊಡುವ ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ: ಸಿಟಿ ಸರ್ವೆ ಕಚೇರಿಯ ಪ್ರಾಪರ್ಟಿ ಕಾರ್ಡ್. ಹಳೇ ಹುಬ್ಬಳ್ಳಿಯ ಮನೆಯಿರಲಿ, ಮಾಳಮಡ್ಡಿಯದಿರಲಿ, ಸಿ.ಟಿ.ಎಸ್. ನಂಬರ್ (ಸಿಟಿ ಸರ್ವೆ ಸಂಖ್ಯೆ) ಕೇಳಿ ಆ ಕಾರ್ಡಿನ ಹೊಸ ನಕಲನ್ನು ನೀವೇ ತೆಗೆಸಿ. ಪಾಲಿಕೆಯ ಖಾತೆಯಲ್ಲಿ ಹಿರಿಯ ಮಗನ ಹೆಸರಿದ್ದು, ಕಾರ್ಡಿನಲ್ಲಿ ತೀರಿಹೋದ ಅಜ್ಜನ ಹೆಸರೇ ಉಳಿದಿರುವುದು ಇಲ್ಲಿ ಅಪರೂಪವಲ್ಲ. ಹಾಗಿದ್ದರೆ ಆ ಮನೆ ಹಿರಿಯ ಮಗನೊಬ್ಬನದಲ್ಲ ಎಂದೇ ಹಿಡಿದು ಮುಂದೆ ವಿಚಾರಿಸಿ. ಊರ ಹೊರಗಿನ ಹೊಸ ಬಡಾವಣೆಯಾದರೆ ಜಿಲ್ಲಾಧಿಕಾರಿಗಳ ಎನ್.ಎ. (ಕೃಷಿಯೇತರ ಬಳಕೆಯ) ಆದೇಶ ಮತ್ತು ಹುಡಾ, ಅಂದರೆ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ, ಮಂಜೂರು ಮಾಡಿದ ನಕ್ಷೆ, ಎರಡನ್ನೂ ಕೇಳಿ. ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರಿದ ಪ್ಲಾಟಿಗೆ ಬಿ-ಖಾತೆ ಸಿಕ್ಕಿದೆ ಎಂದರೆ ಕರ ಕಟ್ಟಬಹುದು ಎಂದಷ್ಟೇ ಅರ್ಥ; ಬಡಾವಣೆ ಸಕ್ರಮವಾಯಿತು ಎಂದಲ್ಲ.

ಇ.ಸಿ. (ಋಣಭಾರ ಪ್ರಮಾಣಪತ್ರ) ಬಗ್ಗೆಯೂ ಜನರಿಗೆ ಅತಿ ನಂಬಿಕೆ. ನೋಂದಣಿಯಾದ ವ್ಯವಹಾರ ಮಾತ್ರ ಅದರಲ್ಲಿ ಕಾಣುತ್ತದೆ. ಕೋರ್ಟಿನಲ್ಲಿರುವ ದಾವೆ, ನೋಂದಾಯಿಸದ ಉಯಿಲು, ಬಾಯಿಮಾತಿನ ವಾಟ್ನಿ, ಮೂಲ ಪತ್ರ ಒತ್ತೆಯಿಟ್ಟು ತಂದ ಕೈಸಾಲ, ಇವು ಯಾವುವೂ ಕಾಣಬೇಕೆಂದಿಲ್ಲ. ಮೂವತ್ತು ವರ್ಷದ ಇ.ಸಿ. ತೆಗೆಸಿ, ಅದರ ಜೊತೆಗೆ ಮೂಲ ಖರೀದಿ ಪತ್ರ ಕಣ್ಣಾರೆ ನೋಡಿ. "ಮೂಲ ಪತ್ರ ಊರಲ್ಲಿದೆ, ನೋಂದಣಿ ದಿನ ತರುತ್ತೇವೆ" ಎಂದವರಿಗೆ ಸಂಚಕಾರ (ಮುಂಗಡ ಹಣ) ಕೊಡಬೇಡಿ.

ಈಗ ನಾನು ಹೆಚ್ಚು ಜಗಳವಾಡುವ ವಿಷಯಕ್ಕೆ ಬರುತ್ತೇನೆ. ಕಾಗದದಲ್ಲಿ ಏನಿದೆ ಎಂದು ಎಲ್ಲರೂ ಓದುತ್ತಾರೆ, ಯಾರ ಸಹಿ ಇಲ್ಲ ಎಂದು ಯಾರೂ ಓದುವುದಿಲ್ಲ. ಕೇಶ್ವಾಪುರದ ಮನೆಯೊಂದನ್ನು ಇಬ್ಬರು ಅಣ್ಣತಮ್ಮಂದಿರು ಮಾರಲು ಹೊರಟಿದ್ದರು. ತಂದೆ ಸ್ವಂತ ದುಡಿಮೆಯಲ್ಲಿ ಕಟ್ಟಿಸಿ, ಉಯಿಲು ಬರೆಯದೆ ತೀರಿಕೊಂಡಿದ್ದರು. ವಂಶವೃಕ್ಷದಲ್ಲಿ ತಾಯಿ ಮತ್ತು ಇಬ್ಬರು ಗಂಡುಮಕ್ಕಳು ಮಾತ್ರ. ಹಳೆಯ ರೇಷನ್ ಕಾರ್ಡ್ ತರಿಸಿದೆ. ಅದರಲ್ಲಿ ಮಗಳೊಬ್ಬಳಿದ್ದಳು, ಗದಗಕ್ಕೆ ಕೊಟ್ಟಿದ್ದಾರೆ. "ಅವಳಿಗೆ ಮದುವೆಯಲ್ಲಿ ಬಂಗಾರ ಹಾಕಿದ್ದೇವೆ, ಅವಳದೇನೂ ತಕರಾರಿಲ್ಲ" ಎಂದರು. ತಕರಾರಿಲ್ಲದಿದ್ದರೆ ಬಂದು ಸಹಿ ಮಾಡಲಿ ಎಂದೆ. ಬ್ಯಾಂಕಿಗೆ ನಾನು ಕೊಟ್ಟ ವರದಿಯಲ್ಲೂ ಅಷ್ಟೇ ಇತ್ತು.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಹಿಂದೂ ಕುಟುಂಬದಲ್ಲಿ ತಂದೆಯ ಸ್ವಯಾರ್ಜಿತ ಆಸ್ತಿಗೆ, ಉಯಿಲು ಇಲ್ಲದಿದ್ದರೆ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಂದೆಯ ತಾಯಿ, ಎಲ್ಲರೂ ಸಮಾನ ವಾರಸುದಾರರು. ಇದು 1956ರಿಂದಲೇ ಇರುವ ಮಾತು. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯಿಂದ ಮಗಳಿಗೂ ಹುಟ್ಟಿನಿಂದಲೇ ಪಾಲು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಅಥವಾ ಕೋರ್ಟಿನ ಡಿಕ್ರಿಯಿಂದಾದ ವಾಟ್ನಿಗೆ ಮಾತ್ರ ಧಕ್ಕೆಯಿಲ್ಲ. ಸ್ಟಾಂಪ್ ಕಾಗದದ ಮೇಲೆ ನೋಟರಿ ಮಾಡಿಸಿದ "ನನಗೆ ಪಾಲು ಬೇಡ" ಎಂಬ ಬರಹದಿಂದ ಹಕ್ಕು ಹೋಗುವುದಿಲ್ಲ. ಹಕ್ಕು ಬಿಡುಗಡೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಬೇಕು. ಅದಕ್ಕಿಂತ ಸುಲಭದ ದಾರಿ, ಅಕ್ಕತಂಗಿಯರನ್ನು ಸಾಕ್ಷಿಗಳಾಗಿ ನಿಲ್ಲಿಸದೆ ಖರೀದಿ ಪತ್ರದಲ್ಲಿ ಮಾರುವವರನ್ನಾಗಿಯೇ ಸೇರಿಸುವುದು. ಆಗ ಅವರಿಗೆ ಹಣವೂ ಕೊಡಬೇಕಾಗುತ್ತದೆ ಎಂದು ಅಣ್ಣಂದಿರು ಗೊಣಗುತ್ತಾರೆ. ಗೊಣಗಲಿ.

ಸಂಚಕಾರ ಪತ್ರದಲ್ಲಿ ಒಂದು ವಾಕ್ಯ ಮರೆಯದೆ ಬರೆಸಿ: ಕಾಗದಪತ್ರದ ದೋಷದಿಂದ ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಇಂತಿಷ್ಟು ದಿನದೊಳಗೆ ಸಂಚಕಾರದ ಹಣ ಪೂರ್ತಿ ಮರಳಿಸತಕ್ಕದ್ದು. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಹೆಚ್ಚು ನಗದು ಮುಂಗಡ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು ಎಂದು ಮಾರುವವರಿಗೆ ತಿಳಿಸಿದರೆ ಅವರೂ ಒಪ್ಪುತ್ತಾರೆ.

ಖರ್ಚಿನ ಲೆಕ್ಕ ಹೀಗೆ. ವಿದ್ಯಾನಗರದಲ್ಲಿ 60 ಲಕ್ಷದ ಮನೆ ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 3 ಲಕ್ಷ. ಆ ಶುಲ್ಕದ ಮೇಲೆ ಶೇ 10 ಸೆಸ್ 30,000, ಶೇ 2 ಸರ್ಚಾರ್ಜ್ 6,000. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ, 1.20 ಲಕ್ಷ. ಒಟ್ಟು 4.56 ಲಕ್ಷ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ ಇದಕ್ಕಿಂತ ಹೆಚ್ಚಿದ್ದರೆ ಅದರ ಮೇಲೆಯೇ ಲೆಕ್ಕ. 30ರಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕ್ ಬೆಲೆಯ ಶೇ 80ರವರೆಗೆ ಮಾತ್ರ ಕೊಡಬಹುದು, ಈ ಶುಲ್ಕಗಳನ್ನು ಬೆಲೆಗೆ ಸೇರಿಸುವಂತಿಲ್ಲ. ಹಾಗಾಗಿ ಕೈಯಲ್ಲಿ ಕನಿಷ್ಠ 16.56 ಲಕ್ಷ ಬೇಕು. 50 ಲಕ್ಷ ಅಥವಾ ಹೆಚ್ಚಿನ ಬೆಲೆಯಾದರೆ ಮಾರುವವರಿಗೆ ಕೊಡುವ ಹಣದಲ್ಲೇ ಶೇ 1 ಟಿ.ಡಿ.ಎಸ್. (ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಜವಾಬ್ದಾರಿ.

ಇನ್ನು ಸಾಲವನ್ನು ಬೇರೆ ಬ್ಯಾಂಕಿಗೆ ಒಯ್ಯುವವರು. ಮೊದಲು ನಿಮ್ಮ ಬ್ಯಾಂಕಿಗೇ ಹೋಗಿ ಬಡ್ಡಿ ಇಳಿಸಲು ಅರ್ಜಿ ಕೊಡಿ. ಸಣ್ಣ ಶುಲ್ಕದಲ್ಲಿ ಕೆಲಸ ಮುಗಿಯಬಹುದು. ಬೇರೆ ಕಡೆ ಹೋದರೆ ಪ್ರೊಸೆಸಿಂಗ್ ಶುಲ್ಕ, ನಮ್ಮಂಥವರ ವರದಿಯ ಶುಲ್ಕ, ಹೊಸ ಒತ್ತೆಯ ಮುದ್ರಾಂಕ ಎಲ್ಲ ಮತ್ತೊಮ್ಮೆ. ಬಡ್ಡಿಯ ಉಳಿತಾಯದಿಂದ ಇವನ್ನು ಕಳೆದು ನೋಡಿ, ಸಾಲದ ಅವಧಿ ಕೊನೆಗೆ ಬಂದಿದ್ದರೆ ಉಳಿಯುವುದು ಅಷ್ಟಕ್ಕಷ್ಟೇ. ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಮುಂಚೆಯೇ ತೀರಿಸಿದರೆ ಬ್ಯಾಂಕ್ ದಂಡ ಹಾಕುವಂತಿಲ್ಲ.

ಹಳೆಯ ಬ್ಯಾಂಕಿನಿಂದ ಬಾಕಿ ಮೊತ್ತದ ಪತ್ರದ ಜೊತೆಗೆ, ಅವರ ಬಳಿ ಇರುವ ಮೂಲ ದಾಖಲೆಗಳ ಪಟ್ಟಿಯನ್ನೂ ಬರಹದಲ್ಲಿ ಪಡೆಯಿರಿ. ಸಾಲ ತೀರಿದ 30 ದಿನದೊಳಗೆ ದಾಖಲೆ ಮರಳಿಸಬೇಕು, ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೆ, ಗೃಹಸಾಲ ಕಂಪನಿಗಳಿಗೆ ಇದು ಅನ್ವಯಿಸುತ್ತದೆ. ಓಣಿಗೊಂದರಂತೆ ಇರುವ ಪತ್ತಿನ ಸಂಘ, ಸೌಹಾರ್ದಗಳು ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿಲ್ಲ. ಅಲ್ಲಿ ಸಾಲ ತೆಗೆಯುವಾಗಲೇ ದಾಖಲೆ ಒಪ್ಪಿಸಿದ್ದಕ್ಕೆ ಸಹಿ, ಮೊಹರು ಇರುವ ರಸೀದಿ ಇಟ್ಟುಕೊಳ್ಳಿ.

ಸಾಲ ತೀರಿತು, ಪತ್ರ ಕೈಸೇರಿತು ಎಂದು ಕುಳಿತವರು ಮರೆಯುವುದು ಬೋಜಾ, ಅಂದರೆ ದಾಖಲೆಯಲ್ಲಿ ಏರಿಸಿದ ಸಾಲದ ಹೊರೆ. ಒತ್ತೆ ನೋಂದಣಿಯಾಗಿದ್ದರೆ ತೀರುವಳಿ ಪತ್ರವೂ ನೋಂದಣಿಯಾಗಬೇಕು, ಇಲ್ಲದಿದ್ದರೆ ಇ.ಸಿ.ಯಲ್ಲಿ ಹಳೆಯ ಸಾಲ ಹಾಗೆಯೇ ಕಾಣುತ್ತಿರುತ್ತದೆ. ಪ್ರಾಪರ್ಟಿ ಕಾರ್ಡಿನಲ್ಲಿ ಬ್ಯಾಂಕಿನ ಬೋಜಾ ಏರಿದ್ದರೆ ಬೇಬಾಕಿ ಪತ್ರ (ಸಾಲ ಬಾಕಿಯಿಲ್ಲ ಎಂಬ ಪತ್ರ) ಲಗತ್ತಿಸಿ ಸಿಟಿ ಸರ್ವೆ ಕಚೇರಿಗೆ ಅರ್ಜಿ ಕೊಟ್ಟು ತೆಗೆಸಿಹಾಕಿ, ತೆಗೆದ ಮೇಲೆ ಕಾರ್ಡಿನ ಹೊಸ ನಕಲು ತೆಗೆಸಿ ಮೂಲ ಪತ್ರದ ಜೊತೆಗೇ ಇಡಿ.