ಮಾಗಡಿಯ ಕೆರೆಗಳ ಕನ್ನಡ ನಕಾಶೆ ಮಾಡಿದ್ದು ಹೀಗೆ

ಮಾಗಡಿ ತಾಲೂಕಿನ ಕೆರೆ, ಹಳ್ಳಗಳ ದೊಡ್ಡದೊಂದು ನಕಾಶೆ ಗೋಡೆಗೆ ಹಾಕಬೇಕಿತ್ತು, ಅದೂ ಪೂರ್ತಿ ಕನ್ನಡದಲ್ಲಿ. ಸಾಫ್ಟ್‌ವೇರ್‌ಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ದುಡ್ಡು ಹೋಗಿದ್ದು ಪ್ರಿಂಟಿಗೆ, ಮತ್ತೆ ಹೆಸರು ಕೇಳಿಕೊಂಡು ಬೈಕಿನಲ್ಲಿ ಸುತ್ತಿದ ಪೆಟ್ರೋಲಿಗೆ.

ಕೆಲಸವೆಲ್ಲ ಕ್ಯೂಜಿಐಎಸ್‌ನಲ್ಲಿ. 2002ರಲ್ಲಿ ಶುರುವಾದ, ನಕಾಶೆ ಮಾಡುವ ಮುಕ್ತ ತಂತ್ರಾಂಶ ಇದು, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ. ಕೆರೆ, ರಸ್ತೆ, ಊರುಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ, ಅಂದರೆ ಜನರೇ ಸೇರಿ ತುಂಬುವ ಮುಕ್ತ ನಕ್ಷೆಯಿಂದ ತೆಗೆದುಕೊಂಡೆ. ಇಡೀ ಭಾರತದ ಡೇಟಾ ಸುಮ್ನೆ ಯಾಕೆ ಇಳಿಸಬೇಕು? ಅದರ ಡೇಟಾ ಹುಡುಕಿಕೊಡುವ ಓವರ್‌ಪಾಸ್ ಟರ್ಬೋ ಎಂಬ ವೆಬ್‌ಸೈಟಿನಲ್ಲಿ ಜಾಗ ತೋರಿಸಿ ನೀರಿನ ಟ್ಯಾಗ್ (ಗುರುತಿನ ಪಟ್ಟಿ) ಕೇಳಿದರೆ ಅಷ್ಟನ್ನೇ ಕೊಡುತ್ತದೆ.

ನೆಲದ ಎತ್ತರಕ್ಕೆ ಎಸ್‌ಆರ್‌ಟಿಎಂ ಎಂಬ ಡೇಟಾ. 2000ದಲ್ಲಿ ನಾಸಾದ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಹಿಡಿದು ಅಳೆದದ್ದು, ಸುಮಾರು 30 ಮೀಟರಿಗೊಂದು ಚುಕ್ಕಿ. ಹಿಲ್‌ಶೇಡ್, ಅಂದರೆ ಬೆಟ್ಟ ಗುಡ್ಡಗಳ ನೆರಳು, ಹಾಕಿದರೆ ಸಾವನದುರ್ಗ ಎದ್ದು ಕಾಣುತ್ತದೆ. ಆದರೆ ಅದಕ್ಕೂ ಮೊದಲು ಡೇಟಾವನ್ನು ಜಾಗವನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ 43 ಉತ್ತರ ವಲಯಕ್ಕೆ (ಕ್ಯೂಜಿಐಎಸ್‌ನಲ್ಲಿ ಅದರ ಸಂಕೇತ ಇಪಿಎಸ್‌ಜಿ 32643) ಬದಲಾಯಿಸಿಕೊಳ್ಳಿ. ಮೂಲ ಫೈಲಿನಲ್ಲಿ ಅಡ್ಡ ಉದ್ದ ಡಿಗ್ರಿಯಲ್ಲಿ, ಎತ್ತರ ಮಾತ್ರ ಮೀಟರಿನಲ್ಲಿ ಇರುತ್ತದೆ. ಹಾಗೇ ಬಿಟ್ಟರೆ ರಾಗಿ ಹೊಲವೂ ಕಡಿದಾದ ಬೆಟ್ಟವೇ.

ಜಾಸ್ತಿ ಹೊತ್ತು ತಿಂದದ್ದು ಹೆಸರುಗಳು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕನ್ನಡ ಹೆಸರಿಗೆ ಬೇರೆ ಟ್ಯಾಗ್ ಇದೆ, ಎಷ್ಟೋ ಕಡೆ ಅದು ಖಾಲಿ. ಕ್ಯೂಜಿಐಎಸ್ ಲೇಬಲ್‌ನಲ್ಲಿ ಕೋಯಲೆಸ್ ಫಂಕ್ಷನ್ ಬಳಸಿದೆ: ಕನ್ನಡ ಇದ್ದರೆ ಅದು, ಇಲ್ಲದಿದ್ದರೆ ಇರುವ ಹೆಸರು. ಇಂಗ್ಲಿಷ್ ಉಳಿದುಕೊಂಡ ಕಡೆಯೆಲ್ಲ ಊರಿಗೇ ಹೋಗಿ ಕೇಳಿದೆ, ಯಾಕಂದ್ರೆ ಸ್ಪೆಲಿಂಗ್ ನೋಡಿ ಲ, ಳ ಊಹಿಸುವುದು ನನ್ನ ಪ್ರಕಾರ ಆ ಊರಿನವರಿಗೆ ಮಾಡುವ ಅನ್ಯಾಯ. ಕೇಳಿದ ಹೆಸರುಗಳನ್ನು ಬ್ರೌಸರಿನಲ್ಲೇ ಐಡಿ ಎಡಿಟರ್ ಎಂಬ ತಿದ್ದುವ ಸಾಧನ ತೆರೆದು ಓಪನ್‌ಸ್ಟ್ರೀಟ್‌ಮ್ಯಾಪ್‌ಗೇ ವಾಪಸ್ ಸೇರಿಸಿದೆ. ಗೂಗಲ್ ನಕ್ಷೆ ನೋಡಿಕೊಂಡು ತುಂಬುವ ಹಾಗಿಲ್ಲ, ಲೈಸೆನ್ಸ್ ಒಪ್ಪಲ್ಲ. ಬಿಂಗ್‌ನ ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆಯಲು ಅನುಮತಿ ಇದೆ. ಬೇಸಿಗೆಯ ಚಿತ್ರವಾದರೆ ಒಣಗಿದ ಕೆರೆ ಹೊಲದ ಥರವೇ ಕಾಣುತ್ತದೆ, ಆಗ ಕೆರೆ ಏರಿಯ ಗೆರೆ ಹುಡುಕಿ, ತೂಬು, ಕೋಡಿ ಎಲ್ಲಿದೆ ಅಂತ ಊರಲ್ಲಿ ಕೇಳಿಕೊಂಡು ಬನ್ನಿ.

ಅಕ್ಷರಕ್ಕೆ ನೋಟೋ ಸಾನ್ಸ್ ಕನ್ನಡ ಫಾಂಟ್. ಪಿಡಿಎಫ್ ಮಾಡುವಾಗ ಅಕ್ಷರಗಳನ್ನು ಪಾತ್ ಆಗಿ, ಅಂದರೆ ಗೆರೆಯ ಆಕಾರವಾಗಿ, ಕಳಿಸುವ ಆಯ್ಕೆಯನ್ನೇ ಇಟ್ಟುಕೊಳ್ಳಿ. ಆಗ ಪ್ರಿಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಚದುರುವುದಿಲ್ಲ. ಮೂಲೆಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರ ಹೆಸರು ಹಾಕಲೇಬೇಕು, ಅದು ಷರತ್ತು.

ಪ್ರಿಂಟ್ ಬೇಡ, ವಾಟ್ಸಾಪಿನಲ್ಲಿ ಲಿಂಕ್ ಕಳಿಸಿದರೆ ಸಾಕು ಅನ್ನುವವರಿಗೆ ಇಷ್ಟೆಲ್ಲ ರಗಳೆ ಯಾಕೆ, ಬ್ರೌಸರಿನಲ್ಲೇ ನಕಾಶೆ ಮಾಡುವ ಯುಮ್ಯಾಪ್ ವೆಬ್‌ಸೈಟ್ ಸಾಕು. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ.