ಟ್ರಯಾಂಗಲ್‌ಗೆ ಹೊಸದಾಗಿ ಬಂದಿದ್ದೀರಾ? ಮೊದಲು ಬಾಸ್ಕೆಟ್‌ಬಾಲ್ ಕೋಚ್‌ಗಳನ್ನು ಪರಿಚಯ ಮಾಡಿಕೊಳ್ಳಿ

ಟ್ರಯಾಂಗಲ್ ಅಂದರೆ ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ರಾಲಿ, ಡರ್ಹಮ್, ಚಾಪೆಲ್ ಹಿಲ್ ಸುತ್ತಲಿನ ಪ್ರದೇಶ. ಇಲ್ಲಿನ ಕ್ಯಾರಿ, ಮಾರಿಸ್‌ವಿಲ್ ಕಡೆ ಮನೆ ಮಾಡಿದವರಿಗೆ ಚಳಿಗಾಲ ಬಂತೆಂದರೆ ಆಫೀಸಿನಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ನೀವು ಕ್ಯಾರೊಲೈನಾ ಕಡೆಯವರಾ, ಡ್ಯೂಕ್ ಕಡೆಯವರಾ? ಕ್ಯಾರೊಲೈನಾ ಅಂದರೆ ಚಾಪೆಲ್ ಹಿಲ್‌ನ ಯೂನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲೈನಾ, ಡ್ಯೂಕ್ ಇರುವುದು ಡರ್ಹಮ್‌ನಲ್ಲಿ; ಬಾಸ್ಕೆಟ್‌ಬಾಲ್‌ನಲ್ಲಿ ಇವು ಎದುರಾಳಿಗಳು. ಎರಡು ಕಾಲೇಜುಗಳ ನಡುವೆ ಇರುವುದು ಸುಮಾರು 16 ಕಿ.ಮೀ. ಅಷ್ಟೇ. ಆಟಗಾರರು ಹೆಚ್ಚೆಂದರೆ ನಾಲ್ಕೈದು ವರ್ಷ ಇರುತ್ತಾರೆ, ಹೋಗುತ್ತಾರೆ. ಜನ ದಶಕಗಟ್ಟಲೆ ನೆನಪಿಟ್ಟುಕೊಳ್ಳುವುದು ಕೋಚ್‌ಗಳನ್ನು.

ನಾನು ಚಾಪೆಲ್ ಹಿಲ್ ಕಡೆಯವನು, ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ 1957ರಲ್ಲಿ ಫ್ರಾಂಕ್ ಮೆಕ್‌ಗ್ವಾಯರ್ ಅವರ ತಂಡ 32 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. 1961ರಲ್ಲಿ ಅವರ ಜಾಗಕ್ಕೆ ಬಂದವರು ಡೀನ್ ಸ್ಮಿತ್. ಮೊದಲ ವರ್ಷಗಳು ಕಷ್ಟದವು. 1965ರಲ್ಲಿ ಒಂದು ಸೋಲಿನ ನಂತರ ಕ್ಯಾಂಪಸ್ಸಿನಲ್ಲಿ ಅವರ ಗೊಂಬೆಯನ್ನು ನೇಣಿಗೆ ಹಾಕಿದ್ದರು. ಆದರೂ 36 ವರ್ಷ ನಿಂತು 879 ಪಂದ್ಯ ಗೆದ್ದರು, 1982 ಮತ್ತು 1993ರಲ್ಲಿ ಚಾಂಪಿಯನ್‌ಶಿಪ್ ತಂದರು. ಕಪ್ಪು ಜನಾಂಗದ ಚಾರ್ಲಿ ಸ್ಕಾಟ್‌ಗೆ ಸ್ಕಾಲರ್‌ಶಿಪ್ ಕೊಟ್ಟು ಕರೆತಂದವರೂ ಅವರೇ. 1960ರ ದಶಕದಲ್ಲಿ ಅಮೆರಿಕದ ದಕ್ಷಿಣ ಭಾಗದ ರಾಜ್ಯವೊಂದರಲ್ಲಿ ಅದಕ್ಕೆ ಧೈರ್ಯ ಬೇಕಿತ್ತು. 2015ರಲ್ಲಿ ತೀರಿಕೊಂಡಾಗ, ತಮ್ಮ ಹಳೆಯ ಆಟಗಾರರಿಗೆಲ್ಲ ತಲಾ 200 ಡಾಲರ್ ಉಯಿಲಿನಲ್ಲಿ ಬರೆದಿಟ್ಟಿದ್ದರು, ಹೊರಗೆ ಹೋಗಿ ಒಂದು ಒಳ್ಳೆಯ ಊಟ ಮಾಡಲಿ ಅಂತ. ಇದನ್ನು ಯಾರಿಗೆ ಹೇಳಿದರೂ ನನಗೆ ಗಂಟಲು ಕಟ್ಟುತ್ತದೆ.

ಅವರ ಸಹಾಯಕರಾಗಿದ್ದ ರಾಯ್ ವಿಲಿಯಮ್ಸ್ 2003ರಲ್ಲಿ ಕ್ಯಾನ್ಸಸ್‌ನಿಂದ ವಾಪಸ್ ಬಂದು 2005, 2009, 2017ರಲ್ಲಿ ಗೆಲ್ಲಿಸಿದರು. 2021ರಲ್ಲಿ ಅವರ ನಂತರ ಬಂದವರು ಹಳೆಯ ಆಟಗಾರ ಹ್ಯೂಬರ್ಟ್ ಡೇವಿಸ್.

ಡ್ಯೂಕ್ ಕಡೆಯವರ ಮುಂದೆ ಕೋಚ್ ಕೆ ಬಗ್ಗೆ ಗೌರವದಿಂದ ಮಾತಾಡಿ. ಪೂರ್ತಿ ಹೆಸರು ಮೈಕ್ ಶಶೆಫ್‌ಸ್ಕಿ. ಹೇಳಲು ಕಷ್ಟ ಅಲ್ವಾ, ಇಲ್ಲಿಯವರೂ ಕೋಚ್ ಕೆ ಅಂತಲೇ ಕರೆಯುತ್ತಾರೆ. 1980ರಿಂದ 2022ರವರೆಗೆ ಇದ್ದು ಐದು ಚಾಂಪಿಯನ್‌ಶಿಪ್ ಗೆದ್ದವರು. ಅವರ ಕೊನೆಯ ಪಂದ್ಯದಲ್ಲಿ ಅವರನ್ನು 81-77ರಿಂದ ಸೋಲಿಸಿದ್ದು ನಮ್ಮ ತಂಡ. ಡ್ಯೂಕ್ ಗೆಳೆಯರ ಮುಂದೆ ನೀವಾಗಿ ಆ ಮಾತು ಎತ್ತಬೇಡಿ.

ಟಿಕೆಟ್ ಸಿಕ್ಕರೆ ಮಕ್ಕಳನ್ನು ಕರೆದುಕೊಂಡು ಕ್ಯಾರೊಲೈನಾ ತಂಡದ ಕ್ರೀಡಾಂಗಣ ಡೀನ್ ಸ್ಮಿತ್ ಸೆಂಟರ್‌ಗೆ ಹೋಗಿ. ಬಾಸ್ಕೆಟ್ ಹಾಕಿದ ಹುಡುಗ ತನಗೆ ಪಾಸ್ ಕೊಟ್ಟವನ ಕಡೆ ಬೆರಳು ತೋರಿಸುತ್ತಾನಾ ನೋಡಿ. ಆ ಅಭ್ಯಾಸ ಕಲಿಸಿದ್ದು ಸ್ಮಿತ್.